ದೊಡ್ಡತ್ತೆ ತುಂಬಿಸಿದ ಮೂಲೆ

ಆಗ ನನಗೆ ಹತ್ತೊಂಬತ್ತು ವರ್ಷ. ಈ ಮಾತಿಗೆ ಐವತ್ತು ವರ್ಷ ದಾಟಿತು. ಲಡಾಯಿ ನಡೆದಿತ್ತು, ಸೀಮೆಎಣ್ಣೆ ಸಿಗುತ್ತಿರಲಿಲ್ಲ, ನನಗೆ ಹೊಸ ಅಡುಗೆಮನೆ ಆಗಿತ್ತು. ಹೊಸ ಅಡುಗೆಮನೆ ಅಂದರೆ ಹೆಂಗಸಿಗೆ ಸಂತೋಷ ಆಗಬೇಕು. ನನಗೆ ಆ ಸಂತೋಷ ಒಂದು ದಿನವೂ ಉಳಿಯಲಿಲ್ಲ. ಒಲೆ ಹೂಡಿದ ದಿನ ದೊಡ್ಡತ್ತೆ ಒಳಗೆ ಬಂದವರು ಒಲೆ ನೋಡಲಿಲ್ಲ, ಬೆಳಕಿಂಡಿ ನೋಡಲಿಲ್ಲ. ಸೀದಾ ಹಿಂದಿನ ಮೂಲೆಗೆ ಹೋಗಿ ನಿಂತು, "ಇದಕ್ಕೇನು ಮಾಡ್ತಿ?" ಅಂದರು.

ದೊಡ್ಡತ್ತೆ ಅಂದರೆ ನನ್ನ ಮಾವನ ಅಣ್ಣನ ಹೆಂಡತಿ. ನನ್ನ ಅತ್ತೆ, ಮಾವ ಇಬ್ಬರೂ ನಾನು ಈ ಮನೆಗೆ ಬರುವ ಮೊದಲೇ ಹೋಗಿದ್ದರು. ನನ್ನ ಗಂಡನನ್ನು ಬೆಳೆಸಿದವರು ಇವರೇ. ಇವರಿಗೂ ಗಂಡ ಇರಲಿಲ್ಲ, ಮಕ್ಕಳಿರಲಿಲ್ಲ. ಅಂಗಳದ ಆಚೆ ಒಂದು ಖೋಲಿಯಲ್ಲಿ ಇರುತ್ತಿದ್ದರು. ಹೆಸರು ಬರೆಯುವುದಿಲ್ಲ. ಅವರನ್ನು ಹೆಸರು ಹಿಡಿದು ಕರೆಯುವಷ್ಟು ಹಿರಿಯರು ಆಗಲೇ ಯಾರೂ ಉಳಿದಿರಲಿಲ್ಲ. ಈಗ ನಾನು ಯಾಕೆ ಕರೆಯಲಿ.

ನಮ್ಮ ಊರು ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ, ಗುಡ್ಡದ ಬುಡಕ್ಕಿದೆ. ಈ ಕಡೆ ಗುಡ್ಡ ಅಂದರೆ ಮಣ್ಣಿನದಲ್ಲ, ಕಲ್ಲಿನ ಮೇಲೆ ಕಲ್ಲು ಪೇರಿಸಿದ್ದು. ಮನೆ ಕಟ್ಟುವವನು ಮೊದಲು ಕಲ್ಲನ್ನು ಕೇಳಬೇಕು. ನಮ್ಮ ಹಿತ್ತಲಲ್ಲಿ ಒಂದು ಕಲ್ಲುಗುಂಡು ಇತ್ತು, ಎಮ್ಮೆ ಮಲಗಿದ ಹಾಗೆ. ಅಡುಗೆಮನೆ ಕಟ್ಟಲು ಬಂದ ಗೌಂಡಿ, ಬೆಂಕಿ ಹಾಕಿ ನೀರು ಸುರಿದು ಅದನ್ನು ಸೀಳುತ್ತೇನೆ ಅಂದ. ದೊಡ್ಡತ್ತೆ ಬಿಡಲಿಲ್ಲ. ಅದರಲ್ಲಿ ದೇವರಿದೆ ಅಂತಲ್ಲ. ಗುಡ್ಡದ ಕಲ್ಲುಗಳು ಒಂದಕ್ಕೊಂದು ಆತುಕೊಂಡು ಕೂತಿವೆ, ಕೆಳಗಿನದನ್ನು ಕೆಣಕಿದರೆ ಮೇಲಿನದು ಏಳುತ್ತದೆ ಎಂದು ಅವರ ಹೆದರಿಕೆ. ಗೌಂಡಿ ನಕ್ಕ.

"ನಗಬ್ಯಾಡಪ. ನೀ ಕಟ್ಟಿ ಹೋಗ್ತಿ. ಅದರ ಕೆಳಗ ಮಲಗಾಕಿ ನಾನು," ಅಂದರು.

ಕಡೆಗೆ ಗೋಡೆಯೇ ಬಾಗಿತು. ಕಲ್ಲಿನ ಬೆನ್ನಿಗೆ ಗೋಡೆ ತಂದು ಸೇರಿಸಿದರು. ಅದರಿಂದ ಆ ಮೂಲೆ ಮೂಲೆಯಾಗಿ ಉಳಿಯಲಿಲ್ಲ. ಬಾಯಿ ಸಣ್ಣದು, ಒಳಗೆ ಹೊಟ್ಟೆ ದೊಡ್ಡದು. ಭುಜದವರೆಗೆ ಕೈ ಹಾಕಿದರೂ ಕೊನೆ ಸಿಗುತ್ತಿರಲಿಲ್ಲ. ಬೆಳಕಂತೂ ಒಳಗೆ ಹೋಗುತ್ತಲೇ ಇರಲಿಲ್ಲ. ಅಲ್ಲಿ ಏನಿಟ್ಟರೂ ಅದು ನಮ್ಮದಲ್ಲ, ಮೂಲೆಯದು.

ನಾನು ಮೊದಲು ಒಲೆಗೆ ಬೇಕಾದ ಸಗಣಿಯ ಕುಳ್ಳು ಒಟ್ಟಿದೆ. ಕುಳ್ಳು ತೆಗೆಯುವಾಗ ಚೇಳು ಬಂತು. ಆಮೇಲೆ ಕಂಪ್ಲಿಯಿಂದ ತಂದ ಬೆಲ್ಲದ ಗಡಿಗೆ ಇಟ್ಟೆ. ತೆಗೆದುಕೊಳ್ಳುತ್ತ ಇಡುತ್ತ ಅದು ಹಿಂದಕ್ಕೆ ಸರಿದು ಸರಿದು ಕೈಗೆ ಸಿಗದ ಜಾಗಕ್ಕೆ ಹೋಯಿತು. ಕೋಲು ಹಾಕಿ ಎಳೆದೆ, ಕಂಠ ಮಾತ್ರ ಬಂತು. ಎರಡು ದಿನದಲ್ಲಿ ಗುಡ್ಡದ ಇರುವೆಯೆಲ್ಲ ನನ್ನ ಅಡುಗೆಮನೆಯಲ್ಲಿ. ಆಮೇಲೆ ಸಿಟ್ಟು ಬಂದು ಏನೂ ಇಡದೆ ಬಿಟ್ಟೆ. ದೊಡ್ಡತ್ತೆಗೆ ಅದು ಚೇಳಿಗಿಂತ ದೊಡ್ಡ ಸಂಕಟ ಆಯಿತು. ದಿನಕ್ಕೆ ಹತ್ತು ಸಲ ಬಂದು ಇಣುಕುವರು. ಖಾಲಿ ಮೂಲೆ ಬಿಟ್ಟರೆ ಯಾರನ್ನೋ ಬಂದು ಕೂರು ಅಂದ ಹಾಗೆ ಎನ್ನುವರು. ಯಾರನ್ನು ಎಂದು ಕೇಳಿದರೆ, ಯಾರು ಬರುತ್ತಾರೋ ಅವರನ್ನು ಎನ್ನುವರು.

ಅವರದು ಸಣಕಲು ದೇಹ. ನಡೆದರೆ ಕಾಲಿನ ಸಪ್ಪಳ ಆಗುತ್ತಿರಲಿಲ್ಲ, ಆದರೆ ಬಾಯಿ ಸುಮ್ಮನಿರುತ್ತಿರಲಿಲ್ಲ. ಒಲೆ ಆರಿಸಿದೆನೋ, ಅಗಳಿ ಹಾಕಿದೆನೋ, ಹಾಲು ಮುಚ್ಚಿದೆನೋ ಎಂದು ತಮ್ಮನ್ನು ತಾವೇ ಕೇಳಿಕೊಳ್ಳುತ್ತಿದ್ದರು. ಬಾವಿಗೆ ಹೊರಟವರು ಓಣಿಯ ತಿರುವಿನಿಂದ ಹಿಂದೆ ಬಂದು ಅಗಳಿ ಮುಟ್ಟಿ ಹೋಗುವುದು ದಿನವೂ ನಡೆಯುವುದೇ. ಮಳೆ ಬಂದರೆ ಮಾಳಿಗೆ ಕುಸಿಯುತ್ತದೆ, ಬಾರದಿದ್ದರೆ ಬಾವಿ ಬತ್ತುತ್ತದೆ. ನನ್ನ ಗಂಡ ಹೊಲಕ್ಕೆ ಹೋದರೆ ಕರಡಿ, ಹೊಸಪೇಟೆಗೆ ಹೋದರೆ ರೈಲು. ಕೂಸು ಅತ್ತರೆ ಹೊಟ್ಟೆನೋವು. ಅಳದೆ ಮಲಗಿದರೆ, ಯಾಕೆ ಅಳವಲ್ಲದು ಎಂದು ಮೂಗಿನ ಹತ್ತಿರ ಬೆರಳು ಹಿಡಿದು ನೋಡುವರು. ಕೂಸು ಎದ್ದು ಅಳುವುದು. ಆಗ ಅವರಿಗೆ ಸಮಾಧಾನ.

ಒಂದು ದಿನ ಬೇಸತ್ತು ಕೇಳಿದೆ, ನೀವು ಹೆದರದೆ ಇರುವಂಥದ್ದು ಲೋಕದಲ್ಲಿ ಏನಾದರೂ ಇದೆಯೇ ಎಂದು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ, ನಿಜವಾಗಿಯೇ ಯೋಚನೆ ಮಾಡಿದರು.

"ಸತ್ತವ್ರು," ಅಂದರು. "ಅವರಿಗೆ ಆಗೋದು ಆಗಿ ಹೋಗೈತಿ."

ಅವರು ಹೊಸ ಸೊಸೆಯಾಗಿದ್ದಾಗ ಊರಿಗೆ ಪ್ಲೇಗು ಬಂದಿತ್ತಂತೆ. ಅಡುಗೆಮನೆ ಮೂಲೆಯಿಂದ ಒಂದು ಇಲಿ ಹೊರಗೆ ಬಂದು, ನಡುಮನೆಯಲ್ಲಿ ಗಿರಗಿರ ತಿರುಗಿ ಬಿದ್ದು ಸತ್ತಿತು. ಮನೆಯವರೆಲ್ಲ ಹೊಲದ ಗುಡಿಸಲಿಗೆ ಹೋದರು. ಹೋದಷ್ಟು ಜನ ತಿರುಗಿ ಬರಲಿಲ್ಲ. ಅವರ ಗಂಡನೂ ಬರಲಿಲ್ಲ. ಇದನ್ನು ಅವರು ನನಗೆ ಒಂದೇ ಸಲ ಹೇಳಿದ್ದು, ಬೇಳೆ ಆರಿಸುತ್ತ. ಹೇಳಿ ಮುಗಿಸಿ, ಸಾರಿಗೆ ಉಪ್ಪು ಹಾಕಿದೆಯೋ ಇಲ್ಲವೋ ಎಂದು ಕೇಳಿದರು. ಅದನ್ನು ಕೇಳಿದ ಮೇಲೆ ನಾನು ಅವರ ಮೇಲೆ ರೇಗುವುದನ್ನು ಬಿಟ್ಟೆ ಅಂದರೆ ಸುಳ್ಳಾಗುತ್ತದೆ. ರೇಗುತ್ತಲೇ ಇದ್ದೆ. ದಿನಕ್ಕೆ ಹತ್ತು ಸಲ ಬಂದು ಇಣುಕುವವರ ಜೊತೆ ನೀವು ಇದ್ದು ನೋಡಿ.

ಆ ಮೂಲೆಗೆ ದಾರಿ ಹುಡುಕಿದವರೂ ಅವರೇ. ಅದರ ಬಾಯಿಗೆ ಎದೆಯೆತ್ತರ ಮಣ್ಣಿನ ಗೋಡೆ ಎಬ್ಬಿಸಿಬಿಡುವುದು, ಒಳಗಿನ ಹೊಟ್ಟೆಯೇ ಜೋಳದ ಕಣಜ. ಮೇಲಿನಿಂದ ತುಂಬುವುದು, ಆಮೇಲೆ ಕಲ್ಲಿನ ಚಪ್ಪಡಿ ಮುಚ್ಚುವುದು. ಚಪ್ಪಡಿಯ ಮೇಲೆ ಗಡಿಗೆಗಳ ಅಡಕಲು, ದೊಡ್ಡದರ ಮೇಲೆ ಸಣ್ಣದು. ಗೋಡೆಯ ಬುಡದಲ್ಲಿ ಮುಷ್ಟಿ ಹಿಡಿಯುವಷ್ಟು ತೂತು, ಅದಕ್ಕೆ ಬಟ್ಟೆ ಸುತ್ತಿದ ಬಿರಡೆ. ಬಿರಡೆ ತೆಗೆದರೆ ಜೋಳ ತಾನಾಗಿ ಕೆಳಗಿಟ್ಟ ಮೊರಕ್ಕೆ ಸುರಿಯಬೇಕು. ಕೈ ಹಾಕುವ ಕೆಲಸವೇ ಇಲ್ಲ. ಇಲಿಗೂ ಜಾಗ ಇಲ್ಲ, ಚೇಳಿಗೂ ಇಲ್ಲ.

ಹೇಳಿದಷ್ಟು ಸುಲಭವಾಗಿರಲಿಲ್ಲ. ಮೊದಲು ಒಳಗೆಲ್ಲ ಮೆತ್ತಬೇಕು. ದೊಡ್ಡತ್ತೆಗೆ ತೆವಳುವ ವಯಸ್ಸಲ್ಲ, ಒಳಗೆ ಹೋಗುವಷ್ಟು ಸಣ್ಣವಳು ನಾನೇ. ಕೆಮ್ಮಣ್ಣು, ಸಗಣಿ, ಬೂದಿ ಕಲಸಿದ ಬುಟ್ಟಿ ಮುಂದೆ ತಳ್ಳಿಕೊಂಡು ಹೊಟ್ಟೆಯ ಮೇಲೆ ತೆವಳಿ ಹೋದೆ. ದೊಡ್ಡತ್ತೆ ಹೊರಗೆ ಕೂತು ನನ್ನ ಸೀರೆಯ ಸೆರಗು ಹಿಡಿದಿದ್ದರು. ಕಲ್ಲು ನನ್ನನ್ನು ನುಂಗಿದರೆ ಎಳೆದುಕೊಳ್ಳಲು. ಮೆತ್ತಿ ಮುಗಿಯುವವರೆಗೆ ಬಿಡಲಿಲ್ಲ. ನಾನು ಆ ಕಡೆ ತಿರುಗಿದರೆ ಸೆರಗು ಈ ಕಡೆ ಜಗ್ಗುವುದು. ಒಳಗಿನಿಂದ ನಾನು ಬೈದದ್ದು ಅವರಿಗೆ ಕೇಳಿಸಿತೋ ಇಲ್ಲವೋ, ಒಂದು ಬೈಗಳಿಗೂ ಉತ್ತರ ಬರಲಿಲ್ಲ. ಹೊರಗೆ ಬಂದ ಮೇಲೆ, "ಸಂಡೂರಾಕಿ ಬಾಯಿ ಭಾಳ ದೊಡ್ಡದೈತಿ. ಇಷ್ಟು ಸಣ್ಣ ತೂತಿನ್ಯಾಗ ಹೆಂಗ ಹಿಡೀತೋ," ಅಂದರು. ನನ್ನ ತವರು ಸಂಡೂರು. ಮನಸ್ಸಿಗೆ ಸರಿ ಬಾರದ್ದು ಮಾಡಿದಾಗಲೆಲ್ಲ ನಾನು ಅವರಿಗೆ ಸಂಡೂರಾಕಿ.

ಕಲ್ಲು ಬೆವರುತ್ತದೆ ಎಂಬುದು ಮುಂದಿನ ಚಿಂತೆ. ಮಳೆಗಾಲದಲ್ಲಿ ಗುಂಡಿನ ಮೈ ತಣ್ಣಗೆ ಒದ್ದೆಯಾಗುತ್ತದೆ, ಅದಕ್ಕೆ ತಾಗಿದ ಜೋಳ ಮುಗ್ಗುತ್ತದೆ. ಕಲ್ಲಿಗೂ ಜೋಳಕ್ಕೂ ನಡುವೆ ಬಿದಿರಿನ ತಟ್ಟಿ ನಿಲ್ಲಿಸಿ, ಸಂದಿಯಲ್ಲಿ ಹೊಟ್ಟು, ಬೂದಿ, ಬೇವಿನ ಸೊಪ್ಪು ತುಂಬಿಸಿದರು. ಅಷ್ಟಾದರೂ ನಂಬಿಕೆ ಇಲ್ಲ. ದಿನಾ ಬೆಳಿಗ್ಗೆ ಬಂದು ಬಿರಡೆ ಸಡಿಲಿಸಿ, ನಾಲ್ಕು ಕಾಳು ಅಂಗೈಗೆ ಬೀಳಿಸಿಕೊಂಡು, ಒಂದನ್ನು ಉಳಿದ ಹಲ್ಲಿನಲ್ಲಿ ಕಡಿಯುವರು. ಕಟ್ ಎಂದು ಸಪ್ಪಳ ಬಂದರೆ ಅವತ್ತಿಗೆ ಬದುಕಿದೆವು. ಅಡ್ಡಮಳೆ ಹಿಡಿದಾಗ ತಮ್ಮ ಚಾಪೆ ತಂದು ನನ್ನ ಅಡುಗೆಮನೆಯಲ್ಲೇ ಹಾಸಿಕೊಂಡರು. ಪಕ್ಕದಲ್ಲಿ ಮಲಗಿದರೆ ಜೋಳ ಮುಗ್ಗುವುದಿಲ್ಲವೇ ಎಂದು ನನ್ನ ಗಂಡ ನಕ್ಕರು. ಮುಗ್ಗಿದರೆ ಮೊದಲು ನನಗೆ ವಾಸನೆ ಬರಲಿ ಅಂದರು ದೊಡ್ಡತ್ತೆ.

ಇನ್ನೊಂದು ಸಂಗತಿ ಹೇಳಬೇಕು. ಅಡುಗೆಮನೆಯಲ್ಲಿ 'ಇಲ್ಲ' ಎಂಬ ಮಾತು ಆಡಬಾರದು ಎಂಬುದು ನಮ್ಮ ಕಡೆ ಎಲ್ಲ ಹೆಂಗಸರಿಗೂ ಗೊತ್ತು. ಉಪ್ಪು ಮುಗಿದರೆ ಉಪ್ಪು ಇಲ್ಲ ಎನ್ನುವುದಿಲ್ಲ, ಉಪ್ಪು ತುಂಬೈತಿ ಎನ್ನುತ್ತೇವೆ. ಗಡಿಗೆ ಬರಿದಾದರೆ ತುಂಬೈತಿ. ಕೇಳಿದವರು ತಿಳಿದುಕೊಂಡು ತಂದು ಹಾಕುತ್ತಾರೆ. ಬೇರೆ ಮನೆಗಳಲ್ಲಿ ಮರೆತು ಇಲ್ಲ ಅಂದರೆ ಹಿರಿಯರು ಹ್ಞೂಂ ಎಂದು ಕಣ್ಣು ಬಿಡುತ್ತಾರೆ, ಅಷ್ಟೆ. ದೊಡ್ಡತ್ತೆ ಹಾಗಲ್ಲ. ಬಂದ ಹೊಸದರಲ್ಲಿ ಒಂದು ಸಲ ನಾನು ಖಾರಪುಡಿ ಇಲ್ಲ ಅಂದೆ. ಅಂದು ಅವರು ಉಣ್ಣಲಿಲ್ಲ. ಮೂರು ಸಂಜೆ ಆ ಖಾಲಿ ಡಬ್ಬಿಯ ಮುಂದೆ ದೀಪ ಇಟ್ಟರು. ನನ್ನ ಮಾತು ಅದರೊಳಗೆ ಹೋಗಿ ಕೂತಿದೆ, ಅದನ್ನು ಹೊರಗೆ ಹಾಕಬೇಕು ಎಂದು.

ಊರಿನವರಿಗೆ ಇದು ಸರಿ. ಹೊರಗಿನವರಿಗೆ ತಿಳಿಯಬೇಕಲ್ಲ. ತೆಲುಗು ಸೀಮೆಯಿಂದ ಒಬ್ಬ ಎಣ್ಣೆ ಮಾರುವವನು ಬರುತ್ತಿದ್ದ. ಎಣ್ಣೆ ಬೇಕೇ ಎಂದು ಕೂಗಿದ. ದೊಡ್ಡತ್ತೆ ಬಾಗಿಲಿಗೆ ಹೋಗಿ, ಎಣ್ಣಿ ತುಂಬೈತಿ ಅಂದರು. ತುಂಬಿದ ಮೇಲೆ ಇನ್ಯಾಕೆ ಎಂದು ಅವನು ಮುಂದೆ ಹೋದ. ಇವರು ಒಳಗಿನಿಂದ ಗಿಂಡಿ ತೊಳೆದು ತರುವಷ್ಟರಲ್ಲಿ ಓಣಿ ದಾಟಿದ್ದ. ಮುಂದಿನ ಸಂತೆಯವರೆಗೆ ನಾವು ಒಗ್ಗರಣೆಯಿಲ್ಲದ ಪುಂಡಿಪಲ್ಯ ತಿಂದೆವು. ಆದರೂ ಅವರು ಮಾತು ಬದಲಿಸಲಿಲ್ಲ. ಅವನಿಗೆ ಕನ್ನಡ ಬಾರದಿದ್ದರೆ ಅದು ಅವನ ಕರ್ಮ ಅಂದರು.

ಅವರು ಸತ್ತ ಸುದ್ದಿ ಇಲ್ಲಿಯೇ ಹೇಳಿಬಿಡುತ್ತೇನೆ. ಸ್ವಾತಂತ್ರ್ಯ ಬಂದ ಮೇಲೆ ಸತ್ತರು. ಕರಡಿಯಿಂದಲ್ಲ, ರೈಲಿನಿಂದಲ್ಲ, ಗುಡ್ಡದ ಕಲ್ಲು ಉರುಳಿಯೂ ಅಲ್ಲ. ಮಧ್ಯಾಹ್ನ ಉಂಡು, ಅಗಳಿ ಹಾಕಿದೆಯಾ ಎಂದು ನನ್ನನ್ನು ಕೇಳಿ, ಮಲಗಿದವರು ಏಳಲಿಲ್ಲ. ಅಷ್ಟೊಂದು ಹೆದರಿದ್ದರಲ್ಲ, ಅದರಲ್ಲಿ ಒಂದೂ ಅವರನ್ನು ಮುಟ್ಟಲಿಲ್ಲ. ಹೆದರಿದ್ದರಿಂದಲೇ ಮುಟ್ಟಲಿಲ್ಲ ಎಂದು ಅವರು ಹೇಳುತ್ತಿದ್ದರು. ಇರಬಹುದು. ನನಗೆ ಗೊತ್ತಿಲ್ಲ. ಅವರ ಜೀವ ನಿಜವಾಗಿ ಬಾಯಿಗೆ ಬಂದದ್ದನ್ನು ನಾನು ನೋಡಿದ್ದು ಒಂದೇ ದಿನ. ಅದನ್ನು ಬರೆಯಲಿಕ್ಕೇ ಕೂತದ್ದು.

ಲಡಾಯಿಯ ಕಾಲದಲ್ಲಿ ಸರಕಾರಕ್ಕೆ ಜೋಳ ಹಾಕಬೇಕಿತ್ತು. ನಮ್ಮ ಪಾಲಿನದು ಕಣದಲ್ಲೇ ಅಳೆದು ಕೊಟ್ಟಿದ್ದೆವು. ಉಳಿದದ್ದು ಆ ಮೂಲೆಯಲ್ಲಿತ್ತು. ಮುಂದಿನ ಸುಗ್ಗಿಯವರೆಗೆ ಮನೆಗೆ ಅದೇ ಅನ್ನ, ಬೇರೆ ಏನೂ ಇರಲಿಲ್ಲ. ಅಷ್ಟರಲ್ಲಿ ಸುದ್ದಿ ಬಂತು, ಎರಡನೇ ಸಲ ಮನೆ ಮನೆ ನೋಡುತ್ತಾರೆ, ಕಂಡಷ್ಟು ಗಾಡಿಗೆ ಹಾಕುತ್ತಾರೆ ಎಂದು. ಬದಲಿಗೆ ಸರಕಾರದ ರೇಶನ್ ಅಂಗಡಿಯಲ್ಲಿ ಕೊಡುತ್ತಾರಂತೆ. ಅಂಗಡಿಗೆ ಮೊದಲು ಕಾಳು ಬರಬೇಕಲ್ಲ. ಸಂಡೂರು ಆಗ ಬೇರೆ ಸಂಸ್ಥಾನ, ನಮ್ಮದು ಮದರಾಸಿನ ಆಳ್ವಿಕೆ. ತವರಿನಿಂದ ತರೋಣ ಅಂದರೆ ಗಡಿಯಲ್ಲಿ ಚೀಲ ಬಿಡುತ್ತಿರಲಿಲ್ಲ.

ಅಧಿಕಾರಿ ಬಂದ ದಿನ ನನ್ನ ಗಂಡ ಊರಲ್ಲಿರಲಿಲ್ಲ. ದರೋಜಿ ಕಡೆಯ ಹೊಲದಲ್ಲಿ ಶೇಂಗಾ ಇತ್ತು. ಕರಡಿ ಬಂದು ಬುಡಸಮೇತ ಕೆದರುತ್ತದೆಂದು ಅಲ್ಲಿಯೇ ಉಳಿದಿದ್ದರು. ಮನೆಯಲ್ಲಿ ನಾನು, ದೊಡ್ಡತ್ತೆ, ಆರು ತಿಂಗಳ ಕೂಸು. ಬೆಳಿಗ್ಗೆ ಮೇಲಿನ ಓಣಿಯಲ್ಲಿ ಒಬ್ಬರ ನೆಲದೊಳಗಿನ ಹಗೇವು ತೆಗೆಸಿ, ತಳದವರೆಗೆ ಬಳಿದು ಗಾಡಿಗೆ ಹಾಕಿದರೆಂದು ನೀರು ತರುವಾಗ ಕೇಳಿದೆ. ಬಂದು ದೊಡ್ಡತ್ತೆಗೆ ಹೇಳಿದೆ. ಅವರು ಸಂಡೂರಾಕಿ ಎನ್ನಲಿಲ್ಲ. ಅಡಕಲಿನ ಗಡಿಗೆಗಳನ್ನು ಒಂದೊಂದಾಗಿ ಮುಟ್ಟುತ್ತ ನಿಂತರು. ಅರ್ಧ ಜೋಳ ತೆಗೆದು ಹೊಟ್ಟಿನ ಗುಂಡಿಯಲ್ಲಿ ಹಾಕೋಣವೇ ಎಂದು ಕೇಳಿದೆ. ಅದನ್ನು ಮಾಡುವಷ್ಟು ಹೊತ್ತು ಇರಲಿಲ್ಲ. ಅಂಗಳದಲ್ಲಿ ಬೂಟಿನ ಸಪ್ಪಳ ಆಯಿತು.

ಅಧಿಕಾರಿ ದಕ್ಷಿಣದವನು. ಕನ್ನಡ ಬಾರದು, ಹರಕುಮುರುಕು ತೆಲುಗು ಬರುತ್ತಿತ್ತು. ಅವನು ತೆಲುಗಿನಲ್ಲಿ ಕೇಳುವುದು, ನಮ್ಮ ಊರಿನ ತಳವಾರ ಅದನ್ನು ಕನ್ನಡದಲ್ಲಿ ಹೇಳುವುದು. ತಳವಾರ ಹುಟ್ಟಿದಾಗಿನಿಂದ ನಮ್ಮ ಬಾಗಿಲಿಗೆ ಬಂದವನೇ. ಅವನೂ ಒಳಗೆ ಬರುವಂತಿರಲಿಲ್ಲ, ಅಡುಗೆಮನೆ ಹೊಸ್ತಿಲ ಆಚೆ ನಿಂತ. ಒಲೆ ಉರಿಯುತ್ತಿತ್ತು. ಅಧಿಕಾರಿ ಹೊಸ್ತಿಲಿನಿಂದಲೇ ಬಗ್ಗಿ ನೋಡಿದ. ಕೋಲು ಚಾಚಿ ಮೂಲೆಯ ಗೋಡೆಗೆ ಎರಡು ಸಲ ಬಡಿದ. ಕಂಠದವರೆಗೆ ತುಂಬಿದ್ದರಿಂದ ಗೋಡೆಯಂತೆಯೇ ಸಪ್ಪಳ ಬಂತು. ಅರ್ಧ ತೆಗೆದಿದ್ದರೆ ಡಬ್ ಅನ್ನುತ್ತಿತ್ತು.

ಮೇಲಿನ ಅಡಕಲು ತೋರಿಸಿ ಏನೋ ಕೇಳಿದ. ತಳವಾರ ದೊಡ್ಡತ್ತೆಯ ಕಡೆ ತಿರುಗಿ, "ಅವ್ವಾರ, ಜ್ವಾಳ ಎಲ್ಲಿ ಇಟ್ಟೀರಿ, ಎಷ್ಟೈತಿ ಅಂತ ಕೇಳ್ತಾರ," ಅಂದ.

ದೊಡ್ಡತ್ತೆ ಜೀವಮಾನದಲ್ಲಿ ಸುಳ್ಳು ಹೇಳಿದವರಲ್ಲ. ಧರ್ಮಕ್ಕೆ ಅಂತಲ್ಲ, ಹೆದರಿಕೆಗೆ. ಸುಳ್ಳು ಹೇಳಿದರೆ ಏನಾದರೂ ಆಗುತ್ತದೆ. ನಾನು ಕೂಸನ್ನು ಎದೆಗೆ ಹಿಡಿದು ಅವರ ಬಾಯನ್ನೇ ನೋಡಿದೆ. ತಳವಾರ ಇನ್ನೊಂದು ಸಲ ಕೇಳಿದ. ಆಗ ಅವರು ಮೂಲೆಯ ಕಡೆ ನೋಡದೆ, ಒಲೆಯ ಕಡೆ ನೋಡುತ್ತ ಹೇಳಿದರು:

"ತುಂಬೈತಿ."

ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರಲ್ಲ ಅನ್ನಿಸಿತು. ತಳವಾರ ತಲೆ ತಗ್ಗಿಸಿದ. ಆಮೇಲೆ ಅಧಿಕಾರಿಯ ಕಡೆ ತಿರುಗಿ, "ಏಮೀ ಲೇದು, ದೊರಾ," ಅಂದ. ಏನೂ ಇಲ್ಲ ಎಂದು. ಅಧಿಕಾರಿ ಕೂಸನ್ನು ನೋಡಿದ, ನನ್ನನ್ನು ನೋಡಿದ, ಕೋಲು ಬಗಲಿಗೆ ಇಟ್ಟುಕೊಂಡು ಮುಂದಿನ ಮನೆಗೆ ಹೋದ.

ಅವರು ಹೋದ ಮೇಲೆ ನಾನು ನಗಲು ಶುರು ಮಾಡಿದೆ. ದೊಡ್ಡತ್ತೆ ಕುಸಿದು ಕೂತರು. ನನಗೆ ಅವರ ಹೆದರಿಕೆ ಅರ್ಥವಾಗಲು ಹೊತ್ತು ಹಿಡಿಯಿತು. ಸಿಕ್ಕಿಬೀಳಲಿಲ್ಲವಲ್ಲ, ಇನ್ನೇನು ಎಂದು ಕೇಳಿದೆ.

"ತುಂಬಿದ್ದಕ್ಕ ತುಂಬೈತಿ ಅಂದೆನಲ್ಲಲೇ," ಅಂದರು. "ಆ ಮಾತು ಬರಿದಾದ ಗಡಿಗಿಗೆ ಇಟ್ಟದ್ದು. ತುಂಬಿದ್ದಕ್ಕ ಅಂದ ಮ್ಯಾಲ ಇನ್ನ ಅದು ಉಳೀತೈತೇನು?"

ಅವರ ಲೆಕ್ಕ ಅದು. ಆಡಬಾರದ ಕಡೆ ಆಡಿದರೆ ಮಾತು ತನ್ನ ಕೆಲಸ ಮಾಡಿಯೇ ತೀರುತ್ತದೆ. ಅವತ್ತು ಮಧ್ಯಾಹ್ನ ಅವರು ಬಿರಡೆ ಮುಟ್ಟಲಿಲ್ಲ, ನನ್ನನ್ನೂ ಮುಟ್ಟಗೊಡಲಿಲ್ಲ. ಹಿಂದಿನ ದಿನದ ಹಿಟ್ಟಿನಲ್ಲಿ ನಾನು ರೊಟ್ಟಿ ಬಡಿದೆ. ಅವರು ಒಂದು ತುತ್ತು ಮುರಿದು ಕೈಯಲ್ಲೇ ಹಿಡಿದುಕೊಂಡಿದ್ದರು.

ಸಂಜೆ ದೀಪ ಹಚ್ಚಿ ಹೊರಗೆ ಬಂದರೆ ಅಂಗಳದಲ್ಲಿ ತಳವಾರ ನಿಂತಿದ್ದ. ಒಬ್ಬನೇ. ಕೈಯಲ್ಲಿ ಕೋಲಿರಲಿಲ್ಲ, ಬಗಲಲ್ಲಿ ಬಿದಿರಿನ ಒಂದು ಬರಿ ಪುಟ್ಟಿ ಇತ್ತು. ದೊಡ್ಡತ್ತೆ ಕಟ್ಟೆಯ ಮೇಲೆ ಕೂತಿದ್ದರು. ಅವನು ಬಂದ ಕೆಲಸ ಹೇಳಲಿಲ್ಲ. ಮಳೆಯ ಮಾತಾಡಿದ, ನನ್ನ ಗಂಡ ಯಾವಾಗ ಬರುತ್ತಾರೆಂದು ಕೇಳಿದ. ಅಧಿಕಾರಿ ಇವತ್ತು ಚಾವಡಿಯಲ್ಲೇ ಉಳಿಯುತ್ತಾನೆ, ಬೆಳಿಗ್ಗೆ ಗಾಡಿ ಹೂಡಿಸಿಕೊಂಡು ಕಂಪ್ಲಿ ಕಡೆ ಹೊರಡುತ್ತಾನೆ ಅಂದ. ಆಮೇಲೆ ನೆಲ ನೋಡುತ್ತ ಹೇಳಿದ:

"ನಮ್ಮನ್ಯಾಗೂ ತುಂಬೈತ್ರೀ, ಅವ್ವಾರ."

ಅದು ಬೇಡುವ ಮಾತೋ, ಹೆದರಿಸುವ ಮಾತೋ, ಅವನ ಮನೆಯ ನಿಜವೋ ನನಗೆ ತಿಳಿಯಲಿಲ್ಲ. ಮೂರೂ ಇರಬಹುದು. ಮುಖ ನೋಡೋಣವೆಂದರೆ ಕತ್ತಲಾಗಿತ್ತು. ನಾನು ಉತ್ತರ ಹುಡುಕುತ್ತಿದ್ದೆ. ನಮ್ಮಲ್ಲೂ ಹಾಗೇ ಐತಪ್ಪ ಎಂದು ಹೇಳಿ ಕಳಿಸಬಹುದಿತ್ತು. ಅಷ್ಟರಲ್ಲಿ ದೊಡ್ಡತ್ತೆ, ಯಾವಾಗಲೂ ಹೇಳುವಂತೆ, ಯಾರಿಗಾದರೂ ಹೇಳುವಂತೆ, ಹೇಳಿಬಿಟ್ಟರು:

"ದೀಪ ಹಚ್ಚೇವಲೋ. ಈಗ ಜ್ವಾಳ ಹೊರಗ ಕೊಡಬಾರ್ದು."

ದೀಪ ಹಚ್ಚಿದ ಮೇಲೆ ಮನೆಯಿಂದ ಕಾಳು ಹೊರಗೆ ಹಾಕಿದರೆ ಲಕ್ಷ್ಮಿ ಹೋಗುತ್ತಾಳೆ ಎಂಬುದು ನಿಜ. ಆದರೆ ಜೋಳ ಇದ್ದವರು ಆಡುವ ಮಾತು ಅದು. ಇಲ್ಲದವರಿಗೆ ಹಗಲಾದರೇನು, ದೀಪ ಹಚ್ಚಿದರೇನು. ಮಾತು ಬಾಯಿ ಬಿಟ್ಟ ಮೇಲೆ ಅವರಿಗೂ ತಿಳಿಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡರು.

ತಳವಾರ ನಗಲಿಲ್ಲ. "ಹೌದ್ರಿ. ಮುಂಜಾನಿ ಬರ್ತೀನಿ," ಅಂದು ಪುಟ್ಟಿ ಎತ್ತಿಕೊಂಡು ಹೋದ. ಅವನು ಹೋದದ್ದು ಚಾವಡಿಯ ಕಡೆಗೆ. ಅವನ ಮನೆಗೂ ಅದೇ ದಾರಿ.

ಆಮೇಲೆ ಅಡುಗೆಮನೆಯಲ್ಲಿ ಕೂತು ನಾವಿಬ್ಬರೂ ಜಗಳಾಡಿದೆವು, ಧ್ವನಿ ಏರಿಸದೆ. ಎಲ್ಲ ಜೋಳ ತೆಗೆದು ಗುಡ್ಡದ ಕಲ್ಲಿನ ಸಂದಿಗಳಲ್ಲಿ ಇಡೋಣ ಅಂದರು. ಅಷ್ಟನ್ನು ಹೊತ್ತು ಹಾಕಲು ಇಬ್ಬರು ಹೆಂಗಸರಿಂದ ಆಗುವುದಿಲ್ಲ, ಆದರೂ ಮಂಗ, ಇಲಿ, ಮಳೆಗೆ ಹಾಕಿದಂತೆ ಅಂದೆ. ಹಾಗಾದರೆ ನಾಳೆ ಅವನು ಬಂದಾಗ ಕೊಡಬೇಡ ಅಂದರು. ಕೊಡದಿದ್ದರೆ ಅವನ ಒಂದು ಮಾತು ಸಾಕು, ಚಾವಡಿ ದೂರವಿಲ್ಲ ಅಂದೆ. ಕೊಟ್ಟರೂ ಅಷ್ಟೆ ಅಂದರು. ಅವನು ಪುಟ್ಟಿ ತುಂಬಿಸಿಕೊಂಡು ನಮ್ಮ ಬಾಗಿಲಿನಿಂದ ಹೊರಟರೆ ಓಣಿಯೆಲ್ಲ ನೋಡುತ್ತದೆ, ಹಗೇವು ಕಳೆದುಕೊಂಡವರು ಸುಮ್ಮನಿರುತ್ತಾರೆಯೇ. ಅದು ಸರಿಯಾದ ಮಾತು. ಹೆದರುವವರು ಹತ್ತು ಹೇಳಿದರೆ ಒಂದು ಸರಿಯಿರುತ್ತದೆ, ಆ ಒಂದನ್ನು ಕೇಳಬೇಕು.

ಕಡೆಗೆ ಅವರು ಕೇಳಿದರು, "ಅವನ ಮನ್ಯಾಗ ಖರೇನ ಏನೂ ಇರಲಿಕ್ಕಿಲ್ಲೇನು?"

ಏನೂ ಇರಲಿಕ್ಕಿಲ್ಲ. 'ಇಲ್ಲ' ಎಂಬ ಮಾತು ಅಡುಗೆಮನೆಯಲ್ಲಿ ಕೂತು ಅವರ ಬಾಯಿಂದ ಬಂದದ್ದು ಅದೊಂದೇ ಸಲ. ಅದನ್ನು ಆಡಿದ್ದು ಅವರಿಗೇ ಗೊತ್ತಾಗಲಿಲ್ಲ. ನಾನು ಎತ್ತಿ ಆಡಲಿಲ್ಲ. ಇರಲಿಕ್ಕಿಲ್ಲ, ಈ ವರ್ಷ ಅವರಿಗೆ ಕಣದ ಪಾಲೂ ಸರಿಯಾಗಿ ಸಿಕ್ಕಿಲ್ಲ ಅಂದೆ. ಅವರು ಗೋಡೆಗೆ ಒರಗಿ ಕೂತರು. ನಾನು ಕೂಸಿಗೆ ಹಾಲು ಕೊಟ್ಟು ಮಲಗಿದೆ. ನನಗೆ ನಿದ್ದೆ ಬಂತು. ಅವರಿಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ನಾನು ತಳವಾರ ಬರುವುದನ್ನು ಕಾಯಲಿಲ್ಲ. ದೀಪ ಶಾಂತ ಮಾಡಿ, ಬಿರಡೆ ತೆಗೆದು, ಹೊರುವಷ್ಟು ಜೋಳ ಬುಟ್ಟಿಗೆ ಬಿಟ್ಟುಕೊಂಡೆ. ಮೇಲೆ ಕುಳ್ಳು ಜೋಡಿಸಿದೆ. ಕುಳ್ಳು ಹೊತ್ತ ಹೆಂಗಸನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. ದೊಡ್ಡತ್ತೆ ಎದ್ದು ಬಂದು ಒಂದು ಕುಳ್ಳು ಸರಿಸಿ ಸಂದಿ ಮುಚ್ಚಿದರು. ಚಾವಡಿಯ ಮುಂದೆ ಗಾಡಿ ಹೂಡುತ್ತಿದ್ದರು. ಅಧಿಕಾರಿ ಕಟ್ಟೆಯ ಮೇಲೆ ಕೂತು ಬೂಟು ಕಟ್ಟಿಕೊಳ್ಳುತ್ತಿದ್ದ. ತಳವಾರ ಎತ್ತಿನ ಕೊರಳು ಹಿಡಿದು ನಿಂತವನು ನನ್ನನ್ನು ನೋಡಿದ, ಬುಟ್ಟಿ ನೋಡಿದ, ನನ್ನ ಕಾಲು ಅವನ ಓಣಿಯ ಕಡೆ ತಿರುಗಿದ್ದನ್ನೂ ನೋಡಿದ. ಆ ಓಣಿಗೆ ನಮ್ಮ ಮನೆಯ ಹೆಂಗಸರು ಹೋದದ್ದಿಲ್ಲ. ಅವನು ಮುಖ ತಿರುಗಿಸಿ ನೊಗದ ಹಗ್ಗ ಬಿಗಿದ. ನಾನು ನಡೆದೆ. ಅವನ ಹೆಂಡತಿ ಬಾಗಿಲಲ್ಲೇ ಇದ್ದಳು. ಸೆರಗು ಹಾಸಿದಳು, ಜೋಳ ಸುರಿದೆ. ಕುಳ್ಳು ಬುಟ್ಟಿಗೆ ವಾಪಸು ಹಾಕಿಕೊಂಡು ಬಂದೆ. ಚಾವಡಿಯ ಮುಂದಿನ ಗಾಡಿ ಆಗಲೇ ಕಂಪ್ಲಿಯ ದಾರಿ ಹಿಡಿದಿತ್ತು. ಮನೆಯಲ್ಲಿ ಒಲೆ ಹಚ್ಚಬೇಕಿತ್ತು.